ಮಾವನಿಗೆ ಆಗದ ಬಣ್ಣ

ನನ್ನ ಸೋದರಮಾವ ಇದುವರೆಗೆ ಹೋದ ಮದುವೆಗಳಲ್ಲಿ ಒಂದರಲ್ಲೂ ಮದುಮಕ್ಕಳ ಮುಖ ನೋಡಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಾಗೆಂದು ಅವರು ಮದುವೆಗಳಿಗೆ ಹೋಗುವುದಿಲ್ಲ ಎಂದಲ್ಲ. ಹೋಗುವುದರಲ್ಲಿ ಅವರದು ಎತ್ತಿದ ಕೈ! ಕರೆದರೂ ಹೋಗುತ್ತಾರೆ, ಅರ್ಧಂಬರ್ಧ ಕರೆದರೂ ಹೋಗುತ್ತಾರೆ. ಆದರೆ ಬಂದ ಮೇಲೆ ಅತ್ತೆ, "ಹುಡುಗ ಹೆಂಗಿದ್ದ? ಉದ್ದವೋ ಗಿಡ್ಡವೋ?" ಎಂದು ಕೇಳಿದರೆ ಅವರು ಹೇಳುತ್ತಿದ್ದದ್ದು ಬೇರೆಯೇ.

"ಮೆಟ್ಲು ಪಕ್ಕದ ಕಂಬಿ ಚೆನ್ನಾಗಿತ್ತು ಕಣೇ. ಆದ್ರೆ ಮೂರನೇ ಜಾಯಿಂಟಲ್ಲಿ ಬಣ್ಣ ಹಂಗೇ ಬಿಟ್ಟವ್ರೆ, ಅಯೋಗ್ಯರು!"

ಮಾವನದು ತರೀಕೆರೆಯಲ್ಲಿ ಒಂದು ವೆಲ್ಡಿಂಗ್ ಅಂಗಡಿ. ಸ್ಟೇನ್‌ಲೆಸ್ ಸ್ಟೀಲಿನ ಕೆಲಸ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅದನ್ನು ಪೂರ್ತಿ ಹೆಸರು ಹಿಡಿದು ಕರೆಯುವುದೂ ಇಲ್ಲ, ಎಸ್ಸೆಸ್ ಎನ್ನುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕಿನಲ್ಲಿ ಯಾವ ಮನೆಯ ಮಹಡಿ ಕಂಬಿ ಹಿಡಿದರೂ, ಯಾವ ಹೋಟೆಲಿನ ಕೈತೊಳೆಯುವ ತೊಟ್ಟಿಗೆ ಬಾಗಿದರೂ ಅದು ಮಾವನ ಕೈಯದೋ ಬೇರೆಯವರದೋ ಎಂದು ನಾನು ಹೇಳಬಲ್ಲೆ. ಮಾವನದಾಗಿದ್ದರೆ ಬೆಸುಗೆಯ ಪಕ್ಕದಲ್ಲಿ ಬಣ್ಣ ಇರುವುದಿಲ್ಲ, ಅಷ್ಟೆ.

ಆ ಬಣ್ಣದ ಕಥೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮಾವನ ಹುಚ್ಚಿಗೆ ತಲೆಬುಡ ಸಿಗುವುದಿಲ್ಲ. ಎಸ್ಸೆಸ್ ತಗಡುಗಳನ್ನು ಸೇರಿಸಿ ಬೆಸೆದಾಗ ಆ ಕಾವಿಗೆ ಬೆಸುಗೆಯ ಎರಡೂ ಪಕ್ಕ ಬಣ್ಣ ಏಳುತ್ತದೆ. ಹೊರಗಿನ ಅಂಚಿಗೆ ಒಣಹುಲ್ಲಿನ ತೆಳು ಹಳದಿ, ಆಮೇಲೆ ಚಿನ್ನ, ಅದರ ಒಳಗೆ ನೇರಳೆ, ಬೆಸುಗೆಗೆ ತಾಗಿದಂತೆ ನೀಲಿ. ನಾನು ಕಡೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಣ್ಣದ ಡಬ್ಬಿಯಲ್ಲಿ ಎಷ್ಟು ಕಲಸಿದರೂ ಆ ನೀಲಿ ನನಗೆ ಬಂದಿಲ್ಲ. ಮೊದಲ ಸಲ ನೋಡಿದಾಗ ನಾನು ಮಾಡಿದ ತಪ್ಪೆಂದರೆ ಅದನ್ನು ಬಾಯಿಬಿಟ್ಟು ಹೇಳಿದ್ದು.

"ಎಷ್ಟು ಚೆನ್ನಾಗಿದೆ ಮಾವ! ಇದನ್ನ ಯಾಕೆ ಅಳಿಸ್ತೀರಿ?"

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಲೇ ಮೇಷ್ಟ್ರೇ, ಎಸ್ಸೆಸ್ಸಿಗೆ ತುಕ್ಕು ಹಿಡಿಯಲ್ಲ ಅಂತಾರಲ್ಲ, ಯಾಕೆ ಹೇಳು? ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಐತೆ, ಅದು ಕಾಯ್ತೈತೆ. ಕಾವು ತಗುಲಿದ ಜಾಗದಲ್ಲಿ ಆ ಪೊರೆ ಕೆಟ್ಟೋಗ್ತೈತೆ. ಕೆಟ್ಟಿದ್ದಕ್ಕೆ ಗುರುತು ಈ ಬಣ್ಣ. ಹಂಗೇ ಬಿಟ್ರೆ ತುಕ್ಕು ಮೊದ್ಲು ಹತ್ಕೊಳ್ಳೋದು ಅಲ್ಲೇ. ಇದು ಬಣ್ಣ ಅಲ್ಲ ಕಣೋ, ಸುಟ್ಟ ಗಾಯ. ಸುಟ್ಟ ಗಾಯ ನೋಡಿ ಚೆನ್ನಾಗೈತೆ ಅಂತೀಯಲ್ಲ, ನಿನ್ನನ್ನ ಯಾರು ಮೇಷ್ಟ್ರು ಮಾಡಿದ್ರು?"

ಇಂಥವರು ಮದುವೆಮನೆಯಲ್ಲಿ ಸುಮ್ಮನೆ ಕೂರುತ್ತಾರೆಯೇ? ಐದಾರು ವರ್ಷದ ಹಿಂದೆ ಬೀರೂರಿನಲ್ಲಿ ನಮ್ಮ ದಾಯಾದಿಗಳ ಮದುವೆ. ಮುಹೂರ್ತಕ್ಕೆ ಐದು ನಿಮಿಷ ಇದೆ, ಎಲ್ಲರ ಕೈಯಲ್ಲೂ ಅಕ್ಷತೆ, ಮಾವ ನಾಪತ್ತೆ. ಹುಡುಕಿಕೊಂಡು ಹೋದರೆ ಊಟದ ಮನೆಯ ಕೈತೊಳೆಯುವ ತೊಟ್ಟಿಯ ಕೆಳಗೆ ಮಂಡಿಯೂರಿ ಕೂತು ಮೊಬೈಲ್ ಬೆಳಕು ಬಿಟ್ಟುಕೊಂಡಿದ್ದಾರೆ! ನಾನು ತಲುಪುವ ಮೊದಲೇ ಗಂಡಿನ ಕಡೆಯವರೊಬ್ಬರು ನೋಡಿ, "ಏನೋ ಬೀಳಿಸ್ಕೊಂಡಿದ್ದಾರೆ" ಎಂದು ಪಕ್ಕದಲ್ಲಿ ಕೂತರು. ಅವರನ್ನು ನೋಡಿ ಇನ್ನಿಬ್ಬರು. "ಉಂಗುರವಂತೆ" ಎಂದು ಯಾರೋ ಅಂದರು. "ಎರಡು ಪವನ್ನಿಂದಂತೆ" ಎಂದು ಇನ್ಯಾರೋ ಸೇರಿಸಿದರು. ರೇಷ್ಮೆ ಪಂಚೆಯ ಹನ್ನೆರಡು ಜನ ಒದ್ದೆ ನೆಲದ ಮೇಲೆ ತಡಕಾಡಿದ್ದೇ ತಡಕಾಡಿದ್ದು. ಕೊನೆಗೆ ಮದುಮಗನ ಅಪ್ಪನೇ ಬಂದು ಕೇಳಿದರು.

"ಯಜಮಾನ್ರೇ, ಉಂಗುರ ಯಾವ ಕಡೆ ಬಿತ್ತು?"

"ಯಾವ ಉಂಗುರ? ಇಲ್ನೋಡಿ, ಅಡಿ ಜಾಯಿಂಟೆಲ್ಲ ನೀಲಿ ನೀಲಿ! ಮೇಲೆ ಮಾತ್ರ ಪಾಲಿಶ್ ಮಾಡವ್ರೆ, ಅಡಿಗೆ ಯಾರು ಬಗ್ಗಿ ನೋಡ್ತಾರೆ ಅಂತ!"

ಅಷ್ಟು ಹೊತ್ತಿಗೆ ಒಳಗೆ ಗಟ್ಟಿಮೇಳ ಮುಗಿದಿತ್ತು. ಮದುಮಗನ ಅಪ್ಪ ಮಗನ ಮಾಂಗಲ್ಯಧಾರಣೆಯನ್ನು ನೋಡಿದ್ದು ಆಮೇಲೆ ವಿಡಿಯೋದಲ್ಲಿ.

ಮಾವ ಮನೆಯಲ್ಲಿ ಯಾವ ಮಡಿಯನ್ನೂ ಮಾಡುವವರಲ್ಲ. ಅಂಗಡಿಯಲ್ಲಿ ಮಾತ್ರ ಮಹಾ ಮಡಿವಂತರು. ಎಸ್ಸೆಸ್ಸನ್ನು ಉಜ್ಜುವುದಕ್ಕೆ ಎಸ್ಸೆಸ್ ತಂತಿಯ ಬ್ರಶ್ಶೇ ಆಗಬೇಕು. ಕಬ್ಬಿಣದ ಬ್ರಶ್ಶು ತಾಗಿದರೆ ಮೈಲಿಗೆ! ಆ ಕಬ್ಬಿಣದ ಪುಡಿ ಅಲ್ಲೇ ಕೂತು ಮಳೆ ಬಿದ್ದಾಗ ಕೆಂಪಗೆ ಚುಕ್ಕೆ ಏಳುತ್ತದಂತೆ. ಕಬ್ಬಿಣ ಉಜ್ಜಿದ ಚಕ್ರವೂ ಇದರ ಹತ್ತಿರ ಸುಳಿಯುವಂತಿಲ್ಲ. ಆದರೆ ದೇವರು ದೊಡ್ಡವನು, ಅವರ ಅಂಗಡಿಗೆ ಗೋಡೆಗೋಡೆ ತಾಗಿದಂತೆ ಖಾದರ್ ಸಾಹೇಬರ ಕಬ್ಬಿಣದ ಗೇಟಿನ ಅಂಗಡಿಯನ್ನು ಇಟ್ಟಿದ್ದಾನೆ. ಸಾಹೇಬರ ಗ್ರೈಂಡರ್ ಗುಂಯ್ ಎಂದಕೂಡಲೇ ಮಾವ ಅತ್ತೆಯ ಹಳೇ ಸೀರೆಗಳನ್ನು ತಂದು ತಮ್ಮ ಸಾಮಾನಿನ ಮೇಲೆಲ್ಲ ಹೊದಿಸುತ್ತಾರೆ.

"ಸಾಹೇಬ್ರೇ! ನಿಮ್ ಕಿಡಿ ನಮ್ ಕಡೆ ಬತ್ತಾ ಐತೆ!"

"ಅಣ್ಣಾ, ಕಿಡೀಗೆ ಬೌಂಡ್ರಿ ಗೊತ್ತಾಗ್ತದಾ?"

"ನಿಮಗೆ ಗೊತ್ತಾಗ್ತದಲ್ಲ!"

"ನಂಗೆ ಗೊತ್ತಾಗ್ತದೆ ಅಣ್ಣಾ. ಅದಕ್ಕೇ ದಿನಾ ನಿಮ್ ಟೀಗೆ ಈ ಕಡೆ ಬಂದು ಕಾಯ್ತೀನಿ" ಎಂದು ಸಾಹೇಬರು ಗ್ರೈಂಡರ್ ಆರಿಸಿ ಬರುತ್ತಾರೆ. ಮೂವತ್ತು ವರ್ಷದಿಂದ ಇದೇ ಜಗಳ, ಇದೇ ಟೀ.

ಈಗ ಬಣ್ಣ ತೆಗೆಯುವುದಕ್ಕೆ ಡಬ್ಬಿಯಲ್ಲಿ ಆಸಿಡ್ಡಿನ ಪೇಸ್ಟು ಸಿಗುತ್ತದೆ. ಮಾವ ಮೊಳಕೈವರೆಗೆ ರಬ್ಬರ್ ಗ್ಲೌಸು, ಮುಖಕ್ಕೆ ಮಾಸ್ಕು ಹಾಕಿ, ಯಾರನ್ನೂ ಹತ್ತಿರ ಬಿಡದೆ ಅದನ್ನು ಬಳಿಯುತ್ತಾರೆ. ಹೊತ್ತು ನೋಡಿ ನೀರು ಬಿಟ್ಟು ತೊಳೆದು, ನಿಂಬೆ ಉಪ್ಪಿನ ನೀರಿನಲ್ಲಿ ಮತ್ತೆ ಒರೆಸುತ್ತಾರೆ. ಈ ಪೇಸ್ಟು ಊರಿಗೆ ಬರುವ ಮೊದಲು ಅವರ ಪ್ರಯೋಗಶಾಲೆ ಅತ್ತೆಯ ಅಡುಗೆಮನೆಯೇ ಆಗಿತ್ತು. ಒಂದು ಸಲ ವರ್ಷಕ್ಕೆಂದು ಕೊಂಡು, ಬೀಜ ಬಿಡಿಸಿ, ಉಪ್ಪು ಹಾಕಿ ಅತ್ತೆ ತುಂಬಿಟ್ಟ ಹುಣಸೆಹಣ್ಣಿನ ಭರಣಿಯೇ ಮಾಯ. ನಾನು ಹೋದಾಗ ಅಂಗಡಿಯಲ್ಲಿ ಒಂದು ಇಡೀ ಗೇಟು ಹುಣಸೆಹಣ್ಣು ಮೆತ್ತಿಕೊಂಡು ಬಿಸಿಲು ಕಾಯಿಸುತ್ತಿತ್ತು. ಅವತ್ತು ಊಟಕ್ಕೆ ಕೂತರೆ ಸಾರು ಸಪ್ಪೆ.

"ಹುಳಿ ಬೇಕಾದ್ರೆ ಗೇಟು ನೆಕ್ಕೊಂಡು ಬನ್ನಿ" ಎಂದರು ಅತ್ತೆ. ಬಣ್ಣ ಹೋಯಿತೇ ಎಂದು ಕೇಳಿದೆ. "ಗೇಟಿಂದು ಹೋಗ್ಲಿಲ್ಲ. ನಿಮ್ಮತ್ತೆ ಮುಖದ್ದು ಹೋಯ್ತು" ಎಂದರು ಮಾವ.

ಇಷ್ಟೆಲ್ಲ ಮಾಡಿ ಮಾವ ಗಳಿಸಿದ್ದು ಒಂದು ಮಾತು. ಅದನ್ನು ಅವರು ಎಲ್ಲರ ಎದುರಿಗೂ ಹೇಳುತ್ತಾರೆ. "ನನ್ ಕೈಯಿಂದ ಹೋದ ಒಂದು ಜಾಯಿಂಟು ತುಕ್ಕು ಹಿಡ್ದು ವಾಪಸ್ ಬಂದಿಲ್ಲ. ಬಂದ ದಿನ ಈ ವೆಲ್ಡಿಂಗ್ ಹೆಲ್ಮೆಟ್ ಮೊಳೆಗೆ ತಗುಲಾಕಿ ಮನೇಲಿ ಕೂರ್ತೀನಿ." ಅದು ಬರೀ ಬಾಯಿಮಾತಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಒಂದು ಸಲ ಉಪ್ಪಿಟ್ಟು ತಿನ್ನಲ್ಲ ಎಂದವರು ಇವತ್ತಿನವರೆಗೂ ತಿಂದಿಲ್ಲ.

ಅವರ ಅಂಗಡಿಗೆ ಹೋಗುವವರಿಗೆ ಒಂದು ಪರೀಕ್ಷೆ ಇದೆ. ಮೊದಲೆಲ್ಲ ಮಾವ ತಾವೇ ಜಾಯಿಂಟು ತೋರಿಸಿ, "ನೋಡು ಹೆಂಗೈತೆ!" ಎಂದು ಬೀಗುತ್ತಿದ್ದರು. ಮೂರು ವರ್ಷದಿಂದೀಚೆಗೆ ಪ್ರಶ್ನೆ ಕೇಳಲು ಹಿಡಿದರು. ಯಾರು ಬಂದರೂ ಬಿಡುವುದಿಲ್ಲ. ಬೆಳಕಿಗೆ ಎಳೆದುಕೊಂಡು ಹೋಗಿ, "ಇಲ್ಲಿ ಏನ್ ಕಾಣ್ತೈತೆ ಹೇಳು. ಸರಿಯಾಗಿ ನೋಡು" ಎನ್ನುತ್ತಾರೆ. ವಯಸ್ಸಾದಂತೆ ಎಲ್ಲರೂ ಮೇಷ್ಟ್ರಾಗಿಬಿಡುತ್ತಾರೆ ಎಂದುಕೊಂಡೆ. ಒಂದು ಸಲ ಬಳಿದರೆ ಸಾಕಾಗುವ ಪೇಸ್ಟನ್ನು ಎರಡೆರಡು ಸಲ ಬಳಿಯಲು ಶುರುಮಾಡಿದಾಗ ಹುಚ್ಚು ಇನ್ನೂ ಒಂದು ಸುತ್ತು ಹೆಚ್ಚಾಯಿತು ಎಂದು ನಾನೂ ಅತ್ತೆಯೂ ನಕ್ಕೆವು.

ಈ ಪರೀಕ್ಷೆಗೆ ಸರಿಯುತ್ತರ ಒಂದೇ. "ಏನೂ ಇಲ್ಲ, ಕನ್ನಡಿ ಇದ್ದಂಗಿದೆ!" ಹಾಗೆಂದವರಿಗೆ ಕೂಡಲೇ ಕಾಫಿ ಬರುತ್ತದೆ. "ಇಲ್ಲೊಂದು ಚೂರು ಹಳದಿ ಇದೆ" ಎಂದಿರೋ, ಕೆಟ್ಟಿರಿ! ಗ್ಲೌಸು, ಮಾಸ್ಕು, ಪೇಸ್ಟು, ನೀರು, ನಿಂಬೆ ಉಪ್ಪು ಎಲ್ಲ ಮೊದಲಿಂದ. ಅದು ಮುಗಿಯುವವರೆಗೆ ನೀವು ಅಲ್ಲೇ ನಿಂತಿರಬೇಕು, ಮತ್ತೆ ನೋಡಿ ಹೇಳಬೇಕು. ನಿಜ ಹೇಳಿ ನಾನು ಎರಡು ಸಲ ಕಡೂರು ಬಸ್ಸು ತಪ್ಪಿಸಿಕೊಂಡಿದ್ದೇನೆ. ಮೂರನೆಯ ಸಲದಿಂದ ನಾನೂ ಬುದ್ಧಿ ಕಲಿತೆ. ನನ್ನ ಮಾತಿಗಂತೂ ಅಲ್ಲಿ ಹೆಚ್ಚಿನ ಬೆಲೆ. "ಡ್ರಾಯಿಂಗ್ ಮೇಷ್ಟ್ರು ಕಣ್ಣು ಕಣ್ರೀ, ಸುಮ್ನೆ ಅಲ್ಲ!" ಎಂದು ಖಾದರ್ ಸಾಹೇಬರಿಗೆ ಹೇಳಿಕೊಳ್ಳುತ್ತಿದ್ದರು.

ಹೋದ ಬೇಸಗೆಗೆ ಸ್ವಲ್ಪ ಮುಂಚೆ ಅಜ್ಜಂಪುರದಿಂದ ಒಂದು ಕೆಲಸ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಬೆಲ್ಲದ ಮಂಡಿಯ ಯಜಮಾನರೊಬ್ಬರು ಪ್ರತಿ ಬೇಸಗೆ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರುಮಜ್ಜಿಗೆ ಕೊಡುತ್ತಾರೆ. ಮಡಕೆ ಒಡೆದು ಒಡೆದು ಬೇಜಾರಾಗಿ ಅವರು ಮಾವನಿಗೆ ಎಸ್ಸೆಸ್ ಡ್ರಮ್ಮು ಮಾಡಲು ಹೇಳಿದರು. ಸೊಂಟದೆತ್ತರದ ಡ್ರಮ್ಮು, ಕೆಳಗೆ ಎರಡು ನಲ್ಲಿ. ಮಾವ ಅದನ್ನು ಹದಿನೈದು ದಿನ ಮಾಡಿದರು.

"ಮಜ್ಜಿಗೆ ಅಂದ್ರೆ ಹುಳಿ, ಉಪ್ಪು ಎರಡೂ ಐತೆ. ಬಣ್ಣ ಉಳ್ದಿದ್ರೆ ಈ ಉಪ್ಪು ಬಿಡ್ತೈತಾ? ಬೀದೀಲಿ ಹೋಗೋ ಜನದ ಹೊಟ್ಟೆಗೆ ಹೋಗೋದು ಕಣೋ" ಎನ್ನುತ್ತಿದ್ದರು.

ನಾನು ಹೋದದ್ದು ಒಂದು ಭಾನುವಾರ. ಡ್ರಮ್ಮು ಸಿದ್ಧವಾಗಿತ್ತು. ಮರುದಿನ ಅಜ್ಜಂಪುರಕ್ಕೆ ಹೋಗಬೇಕು. ನಲ್ಲಿ ಸೇರುವ ಒಳಜಾಯಿಂಟು ನೋಡಬೇಕಾದರೆ ಡ್ರಮ್ಮಿನೊಳಗೆ ತಲೆ ಹಾಕಬೇಕು. ಮಾವ ನನ್ನ ಕೈಗೆ ಬ್ಯಾಟರಿ ಕೊಟ್ಟು, "ಸರಿಯಾಗಿ ನೋಡು. ಅವಸರ ಇಲ್ಲ" ಎಂದರು. ಅವಸರ ಅವರಿಗಿರಲಿಲ್ಲ, ನನಗಿತ್ತು. ಐದು ಗಂಟೆಯ ಬಸ್ಸಿಗೆ ಇಪ್ಪತ್ತು ನಿಮಿಷ. ಮನೆ ಅಂಗಡಿಯ ಹಿಂದೆಯೇ, ಅತ್ತೆ ಮಂಡಕ್ಕಿಗೆ ಒಗ್ಗರಣೆ ಹಾಕಿದ ವಾಸನೆ ಡ್ರಮ್ಮಿನೊಳಗೂ ಬರುತ್ತಿತ್ತು. ಸೊಂಟ ಬಗ್ಗಿಸಿ, ತಲೆ ಕೆಳಗೆ ಮಾಡಿ ಬ್ಯಾಟರಿ ಬಿಟ್ಟೆ. ಎಡಗಡೆಯ ನಲ್ಲಿಯ ಹಿಂದೆ ಉಗುರಿನ ಅಗಲದ ಒಂದು ಪಟ್ಟಿ ಕಂಡಿತು. ಅಂಚಿಗೆ ಚಿನ್ನ, ಒಳಗೆ ನೇರಳೆ, ಆಮೇಲೆ ಆ ನನ್ನ ಕೈಗೆ ಬಾರದ ನೀಲಿ.

"ಏನ್ ಕಾಣ್ತೈತೋ?"

"ಏನೂ ಇಲ್ಲ ಮಾವ. ಕನ್ನಡಿ!"

ಡ್ರಮ್ಮಿನೊಳಗಿಂದ ಕೂಗಿದ್ದರಿಂದ ಕನ್ನಡಿ ಎಂಬುದು ನಾಲ್ಕು ಸಲ ಕೇಳಿಸಿತು. ಮಾವ ಸಂತೋಷದಿಂದ ನನ್ನ ಬೆನ್ನು ತಟ್ಟಿದರು. ಎರಡು ತಟ್ಟೆ ಮಂಡಕ್ಕಿ ತಿಂದು ಐದು ಗಂಟೆಯ ಬಸ್ಸು ಹಿಡಿದೆ.

ಒಂದೂವರೆ ತಿಂಗಳಿಗೆ ಅತ್ತೆಯ ಫೋನು. "ಬಂದೋಗಪ್ಪಾ. ಡ್ರಮ್ಮು ವಾಪಸ್ ಬಂದೈತೆ. ನಿಮ್ಮಾವ ಎರಡು ದಿನದಿಂದ ಅಂಗಡಿ ಬಾಗ್ಲೇ ತೆಗ್ದಿಲ್ಲ."

ಮಂಡಿಯ ಯಜಮಾನರು ಒಳ್ಳೆಯವರು, ಗಲಾಟೆ ಮಾಡಿರಲಿಲ್ಲ. "ಏನಿಲ್ಲ ಯಜಮಾನ್ರೇ, ಒಳಗೆ ನಲ್ಲಿ ಪಕ್ಕ ಚೂರು ಕೆಂಪಗಾಗೈತೆ. ಒಂದು ಕಿತ ನೋಡಿ" ಎಂದು ಗಾಡಿಯಲ್ಲಿ ಹಾಕಿ ಕಳಿಸಿದ್ದರು ಅಷ್ಟೆ. ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದರೇನೋ. ನಾನು ಹೋದಾಗ ಖಾದರ್ ಸಾಹೇಬರು ಮುಚ್ಚಿದ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಪಾಪ, ಅವರೂ ಎರಡು ದಿನದಿಂದ ಗ್ರೈಂಡರ್ ಮುಟ್ಟಿರಲಿಲ್ಲವಂತೆ. "ಬೈಯೋರಿಲ್ದೆ ಕೆಲ್ಸಾನೇ ಓಡ್ತಾ ಇಲ್ಲ ಮೇಷ್ಟ್ರೇ" ಎಂದರು. ಒಳಗೆ ಹೋದರೆ ಹೆಲ್ಮೆಟ್ಟು ಮೊಳೆಯಲ್ಲಿ ನೇತಾಡುತ್ತಿತ್ತು.

ಮಾವ ಬೈಯುತ್ತಾರೆ ಎಂದು ತಯಾರಾಗಿಯೇ ಹೋಗಿದ್ದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ನಿಂಗೆ ಎಷ್ಟು ದಿನದಿಂದ ಕಾಣ್ತಾ ಇಲ್ಲ?"

"ಏನು ಮಾವ?"

"ಬಣ್ಣ ಕಣೋ. ಮುಚ್ಚಿಡ್ಬೇಡ. ನಂಗೂ ಹಿಂಗೇ ಶುರುವಾಗಿದ್ದು. ಮೂರು ವರ್ಷ ಆಯ್ತು, ನೀಲಿ ಕಾಣಲ್ಲ. ಹಳದೀನೂ ಕಾಣಲ್ಲ. ಎಲ್ಲಾ ಒಂದೇ ಬೂದಿ ಬಣ್ಣ. ಗೆರೆ ಕಾಣ್ತೈತೆ, ಬೆಂಕಿ ಕಾಣ್ತೈತೆ, ಬೆಸೆಯಕ್ಕೆ ತೊಂದ್ರೆ ಇಲ್ಲ. ಬೆಸೆದ ಮೇಲೆ ಬಣ್ಣ ಹೋಯ್ತೋ ಉಳೀತೋ ಅದೇ ಗೊತ್ತಾಗಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅವರಿಗೂ ಇದು ಆಗಲೇ ಗೊತ್ತಾಗಿದ್ದು.

"ಅದಕ್ಕೇ ಬಂದೋರ್ನೆಲ್ಲ ಕೇಳ್ತಿದ್ದೆ. ಕಾಫಿ ಆಸೆಗೆ ಸುಳ್ಳು ಹೇಳ್ತಾರೆ ಅವ್ರು, ನಂಗೇನ್ ಗೊತ್ತಾಗಲ್ವಾ? ಅದಕ್ಕೇ ಕಷ್ಟದ ಜಾಯಿಂಟೆಲ್ಲ ನೀನು ಬರೋ ಭಾನುವಾರದವರೆಗೂ ಇಟ್ಕಂಡಿರ್ತಿದ್ದೆ. ಈಗ ನಿಂಗೇ ಹಿಂಗಾಗೋಯ್ತಲ್ಲೋ" ಎಂದವರು ನನ್ನ ಕೈ ಹಿಡಿದುಕೊಂಡರು. "ನಮ್ ಕಡೆಯಿಂದಾನೇ ಬಂದಿರ್ಬೇಕು ನಿಂಗೆ. ನಿಮ್ಮಮ್ಮ ನಂಗೆ ಒಡಹುಟ್ಟಿದೋಳಲ್ವಾ. ತಪ್ಪು ನಮ್ದೇ. ನಂದು ಹೋದ್ರೆ ಹೋಗ್ಲಿ, ವಯಸ್ಸಾಯ್ತು. ನೀನು ಬಣ್ಣದ ಮೇಲೆ ಅನ್ನ ತಿನ್ನೋನು. ನಾಳೇನೇ ಕಣ್ಣು ತೋರ್ಸೋಣ."

ನಾನು ಸುಳ್ಳು ಹೇಳಿರಬಹುದು ಎಂಬುದು ಅವರ ತಲೆಗೆ ಬಂದಿರಲೇ ಇಲ್ಲ! ಆ ಕ್ಷಣವೇ ಹೇಳಿಬಿಡಬೇಕಿತ್ತು. ಬಾಯಿ ಬರಲಿಲ್ಲ. ಡ್ರಮ್ಮಿನೊಳಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದ ಬಾಯಿ ಇದೇ ನೋಡಿ.

ಮರುದಿನ ಮಾವ ಕಡೂರಿಗೇ ಬಂದರು, ಮೊದಲನೇ ಬಸ್ಸಿಗೆ. ಕಣ್ಣಿನ ಡಾಕ್ಟರ ಹತ್ತಿರ ನನ್ನನ್ನು ಮುಂದೆ ನೂಕಿ, "ಮೊದ್ಲು ನಮ್ಮುಡುಗುಂದು ನೋಡಿ" ಎಂದರು. ನಮ್ಮುಡುಗನಿಗೆ ನಲವತ್ತೆರಡು. ಡಾಕ್ಟರು ನೋಡಿದರು, ಅಕ್ಷರ ಓದಿಸಿದರು, ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆಗೆದು ಒಂದೊಂದೇ ಪುಟ ಕೇಳಿದರು. "ಇವರ ಕಣ್ಣಿಗೆ ಏನೂ ಆಗಿಲ್ಲ. ಬಹಳ ಚೆನ್ನಾಗಿದೆ" ಎಂದರು. ಆಮೇಲೆ ನಾನು ಬಲವಂತ ಮಾಡಿ ಮಾವನನ್ನು ಕೂರಿಸಿದೆ. ಅವರದನ್ನು ನೋಡುವುದಕ್ಕೆ ಡಾಕ್ಟರಿಗೆ ಹೆಚ್ಚು ಹೊತ್ತು ಹಿಡಿಯಿತು. ಹಳೆಯ ಕಾಲದಲ್ಲಿ ಬರಿಗಣ್ಣಲ್ಲಿ ಬೆಸುಗೆ ಮಾಡಿದ್ದು ಕಣ್ಣಿನ ಒಳಪರದೆಯನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಮಾವ ತಮ್ಮ ಕಣ್ಣಿನ ವಿಚಾರ ಎತ್ತಲೇ ಇಲ್ಲ. "ಸದ್ಯ! ನಿಂದು ಚೆನ್ನಾಗೈತಲ್ಲ" ಎಂದು ಎರಡು ಸಲ ಅಂದರು. ಮೂರನೆಯ ಸಲ ಅನ್ನಲು ಹೊರಟವರು ಅರ್ಧಕ್ಕೇ ನಿಲ್ಲಿಸಿದರು.

"ಹಂಗಾದ್ರೆ ಅವತ್ತು ನಿಂಗೆ ಕಂಡಿತ್ತು."

"ಹೂಂ ಮಾವ."

"ಚೆನ್ನಾಗೇ ಕಂಡಿತ್ತಾ?"

"ಚೆನ್ನಾಗೇ ಕಂಡಿತ್ತು. ಬಸ್ಸಿಗೆ ಹೊತ್ತಾಗಿತ್ತು ಮಾವ. ತಪ್ಪಾಯ್ತು."

ನನಗೆ ಅಳು ಬಂದಿತ್ತು. ನಲವತ್ತೆರಡು ವರ್ಷದ ಹುಡುಗ ಆಸ್ಪತ್ರೆಯ ಬಾಗಿಲಲ್ಲಿ ಅತ್ತರೆ ಚೆನ್ನಾಗಿರುವುದಿಲ್ಲ ಎಂದು ತಡೆದುಕೊಂಡೆ. ಮಾವ ಎದ್ದು ಪಂಚೆ ಕೊಡವಿದರು.

"ಸುಳ್ಳು ಹೇಳೋದು ಬಿಟ್ರೆ ಬಿಡ್ತೈತೆ ಕಣೋ. ಕಣ್ಣು ಹೋದ್ರೆ ಬರಲ್ಲ. ನಿಂಗೇನೋ ಆಯ್ತು ಅಂತ ಹೆದ್ರಿದ್ದೆ. ನಡಿ, ಕಾಫಿ ಕುಡಿಯೋಣ."

ಕಾಫಿ ಕುಡಿಯುತ್ತಾ, "ಹಂಗಾದ್ರೆ ನನ್ ಕೈ ಸರಿಯಾಗೇ ಐತೆ ಅನ್ನು. ನಿಜ ಹೇಳೋ ಒಂದು ಜೊತೆ ಕಣ್ಣು ಇದ್ರೆ ಸಾಕು" ಎಂದರು. ಮರುದಿನ ಹೆಲ್ಮೆಟ್ಟು ಮೊಳೆಯಿಂದ ಇಳಿಯಿತು. ಖಾದರ್ ಸಾಹೇಬರ ಗ್ರೈಂಡರ್ ಗುಂಯ್ ಎಂದಿತಂತೆ, ಮಾವ ಬೈದರಂತೆ. ಅತ್ತೆ ಫೋನು ಮಾಡಿ ಹೇಳಿದರು.

ಈಗ ಪ್ರತಿ ಭಾನುವಾರ ನಾನು ತರೀಕೆರೆಯಲ್ಲಿರುತ್ತೇನೆ. ಬಸ್ಸಿನ ಹೊತ್ತು ನೋಡುವುದಿಲ್ಲ. ಆ ಡ್ರಮ್ಮನ್ನು ಮೊದಲನೇ ಭಾನುವಾರವೇ ಸರಿಮಾಡಿದೆವು. ತುಕ್ಕು ತೆಗೆದು, ಆ ಜಾಗ ಉಜ್ಜಿ, ಮಾವ ನಲ್ಲಿಯನ್ನು ಹೊಸದಾಗಿ ಬೆಸೆದರು. ಕಾವು ಆರಿದ ಮೇಲೆ ನನ್ನ ಕೈಗೆ ಬ್ಯಾಟರಿ ಕೊಟ್ಟು ಪಕ್ಕದಲ್ಲಿ ಕೂತರು. ತಲೆ ಒಳಗೆ ಹಾಕಿದೆ.

"ಏನ್ ಕಾಣ್ತೈತೆ?"

"ಇದೆ ಮಾವ. ನಲ್ಲಿ ಸುತ್ತ ಪೂರ್ತಿ ಇದೆ."

"ಯಾವ್ಯಾವ ಬಣ್ಣ?"

ಹಿಂದೆಂದೂ ಹಾಗೆ ಕೇಳಿದವರಲ್ಲ. ಬಣ್ಣ ಇದೆಯೋ ಇಲ್ಲವೋ, ಅಷ್ಟೇ ಅವರಿಗೆ ಬೇಕಿದ್ದದ್ದು. ನಾನು ಒಂದೊಂದೇ ಹೇಳಿದೆ. ಅಂಚಿಗೆ ಒಣಹುಲ್ಲಿನ ಹಳದಿ, ಆಮೇಲೆ ಚಿನ್ನ, ಆಮೇಲೆ ನೇರಳೆ, ಒಳಗೆ ನೀಲಿ. ಎಂಥ ನೀಲಿ ಎಂದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕಾಶ ಇರುತ್ತದಲ್ಲ, ಅಂಥದ್ದು ಎಂದೆ. ತಲೆ ಹೊರಗೆ ತೆಗೆದೆ. ಮಾವ ಗ್ಲೌಸು ಕೈಗೆ ಹಾಕಿಕೊಂಡು, ಪೇಸ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮುಚ್ಚಳ ತೆಗೆದಿರಲಿಲ್ಲ.

"ಚೆನ್ನಾಗೈತೇನೋ?" ಎಂದರು.

"ಚೆನ್ನಾಗಿದೆ ಮಾವ."

"ಹಂಗಾದ್ರೆ ಒಂದ್ನಿಮಿಷ ಇರ್ಲಿ. ಆಮೇಲೆ ತೆಗ್ಯೋಣ."